ಅರಮನೆಯ ನಕ್ಷೆ ಬರೆದ ಇರ್ವಿನ್

ದಸರೆಯ ದೀಪಗಳಲ್ಲಿ ಬೆಳಗುವ ಮೈಸೂರು ಅರಮನೆಯ ಚಿತ್ರವನ್ನು ವರ್ಷವರ್ಷವೂ ಎಲ್ಲರೂ ಹಂಚಿಕೊಳ್ಳುತ್ತಾರೆ. ಅದರ ಕೆಳಗೆ ಹೆನ್ರಿ ಇರ್ವಿನ್ ಎಂಬ ಹೆಸರನ್ನು ನಮೂದಿಸಿದವರನ್ನು ನಾನು ಕಂಡದ್ದು ಅಪರೂಪ. 1841ರಲ್ಲಿ ಜನಿಸಿದ ಇರ್ವಿನ್, ಸಿಮ್ಲಾದ ವೈಸ್‌ರಾಯ್ ನಿವಾಸವನ್ನು 1888ರಲ್ಲಿ ಮುಗಿಸಿ, ಮುಂದೆ ಮದ್ರಾಸ್ ಸರ್ಕಾರದ ಸಲಹಾ ವಾಸ್ತುಶಿಲ್ಪಿಯಾಗಿ ಅಲ್ಲಿನ ಹೈಕೋರ್ಟ್ ಕಟ್ಟಡದ ನಿರ್ಮಾಣದಲ್ಲೂ ಪ್ರಮುಖ ಪಾತ್ರ ವಹಿಸಿದರು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾದಾಗ, ಮಗನ ಪರವಾಗಿ ರಾಜ್ಯಭಾರ ನಡೆಸುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಹೊಸ ಅರಮನೆಯ ವಿನ್ಯಾಸವನ್ನು ಇರ್ವಿನ್ ಅವರಿಗೆ ವಹಿಸಿದರು. ಕಟ್ಟಡ ಪೂರ್ಣಗೊಂಡದ್ದು 1912ರಲ್ಲಿ.

ಸಿಮ್ಲಾದಲ್ಲಿ ಬೂದುಗಲ್ಲಿನ ಇಂಗ್ಲಿಷ್ ಮಹಲನ್ನು ಕಟ್ಟಿದ ಮನುಷ್ಯನೇ ಇಲ್ಲಿ ನಸುಗೆಂಪು ಗುಮ್ಮಟಗಳನ್ನೂ ಸಾಲುಕಮಾನುಗಳನ್ನೂ ಬರೆದನೆಂದರೆ ಸುಲಭವಾಗಿ ನಂಬಲಾಗದು. ನನ್ನ ಮಟ್ಟಿಗೆ ಅವರ ಜಾಣ್ಮೆ ಕಾಣುವುದು ಹೊರಗಿನ ವೈಭವದಲ್ಲಲ್ಲ, ಎಂಟು ಮೂಲೆಯ ಕಲ್ಯಾಣ ಮಂಟಪದಲ್ಲಿ: ಗ್ಲಾಸ್ಗೋದಲ್ಲಿ ಎರಕ ಹೊಯ್ದು ತರಿಸಿದ ಕಬ್ಬಿಣದ ಕಂಬಗಳು, ಅವುಗಳ ಮೇಲೆ ನವಿಲುಗಳ ಬಣ್ಣದ ಗಾಜಿನ ಚಾವಣಿ. ಮದುವೆಯ ಹೊತ್ತಿನಲ್ಲೇ ಮರದ ಅರಮನೆ ಉರಿದುಹೋದ ಮೇಲೆ, ಮದುವೆಯ ಮಂಟಪಕ್ಕೇ ಕಬ್ಬಿಣದ ಕಂಬಗಳು ಬಂದದ್ದು ಗಮನಾರ್ಹ.

ಇರ್ವಿನ್ 1922ರಲ್ಲಿ ತೀರಿಕೊಂಡರು. ಮಾರ್ಗದರ್ಶಿಗಳಾದರೂ ಅವರನ್ನು ಅರ್ಧ ವಾಕ್ಯದಲ್ಲಿ ನೆನೆಯುತ್ತಾರೆ. ಕಾಮಗಾರಿಯ ಉಸ್ತುವಾರಿ ಹೊತ್ತಿದ್ದ ಎಂಜಿನಿಯರ್ ಬಿ.ಪಿ. ರಾಘವುಲು ನಾಯ್ಡು ಅವರಿಗೆ ಅಷ್ಟೂ ಸಿಕ್ಕಿಲ್ಲ.