ಮಳೆ ಬಂತು ಅಂತ ನಾನೂ ಟಿಕ್ ಹಾಕಿದ್ದೆ

ಶಿರಸಿ ಕಡೆಯ ಪಿಯು ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡ್ತೇನೆ. ಪಠ್ಯದ ಹೊರಗೆ ವರ್ಷಕ್ಕೊಂದು ಕಾದಂಬರಿ ಓದಿಸಬೇಕೆಂಬ ಹಟ ನನ್ನದು. ಒಂದು ವರ್ಷ ಆರ್. ಕೆ. ನಾರಾಯಣ್ ಅವರ 'ದಿ ಗೈಡ್' ಹಿಡಿದೆ. ಗೈಡ್ ಆಗಿದ್ದ ರಾಜುವನ್ನು ಹಳ್ಳಿಯವರು ಸ್ವಾಮಿ ಅಂತ ನಂಬ್ತಾರೆ, ಬರಗಾಲದಲ್ಲಿ ಅವನು ಮಳೆಗಾಗಿ ಉಪವಾಸ ಕೂರಬೇಕಾಗ್ತದೆ, ಅದು ಕಥೆ. ಅರ್ಧ ಆಗುವಷ್ಟರಲ್ಲಿ ಪೋರ್ಷನ್ ಹಿಂದೆ ಬಿತ್ತು. ಉಳಿದದ್ದನ್ನು 1965ರ ಹಿಂದಿ ಸಿನಿಮಾ ತೋರಿಸಿ ಮುಗಿಸಿದೆ. ಮಕ್ಕಳು ಖುಷಿ, ನಾನೂ ಖುಷಿ.

ಟೆಸ್ಟಿನಲ್ಲಿ ಕಾದಂಬರಿಯ ಕೊನೆ ಬರೆಯಿರಿ ಅಂದಿದ್ದೆ. ಎಲ್ಲರದೂ ಒಂದೇ ಉತ್ತರ: ಜೋರು ಮಳೆ ಬಂತು, ರಾಜು ಸತ್ತ. ಆರೇಳು ಪೇಪರಿಗೆ ಟಿಕ್ ಹಾಕಿದ ಮೇಲೆ ನನ್ನ ಕೈ ನಿಂತಿತು. 1958ರ ಆ ಪುಸ್ತಕದ ಕೊನೆಯಲ್ಲಿ ಎಲ್ಲಿದೆ ಮಳೆ? ಉಪವಾಸದಿಂದ ಬಸವಳಿದ ರಾಜು ಹೊಳೆಯಲ್ಲಿ ನಿಂತು, ಗುಡ್ಡದಲ್ಲಿ ಮಳೆಯಾಗ್ತಿದೆ, ಪಾದದಿಂದ ಕಾಲಿಗೆ ಏರ್ತಿದೆ ಅನ್ನುತ್ತ ಕುಸಿಯುತ್ತಾನೆ. ಅಷ್ಟೇ. ಸತ್ತನೋ ಇಲ್ಲವೋ, ನಾರಾಯಣ್ ಹೇಳುವುದಿಲ್ಲ. ಸಿನಿಮಾದ ಮಳೆ ನನ್ನ ತಲೆಯಲ್ಲೂ ಸುರಿದುಬಿಟ್ಟಿತ್ತು.

ಮರುವರ್ಷ ಕೊನೆಯ ಪುಟದ ಜೆರಾಕ್ಸ್ ಹಂಚಿ ಮೊದಲು ಓದಿಸಿದೆ. ಜುಲೈ ತಿಂಗಳು, ಹೊರಗೆ ಹೆಂಚಿನ ಮೇಲೆ ಮಳೆಯ ಸದ್ದಿಗೆ ಕೂಗಿ ಓದಬೇಕಾಯಿತು. ನಿಜವಾಗಿ ಮಳೆ ಬಂತಾ ಅಂತ ಕೇಳಿದೆ. ತೋಟದ ಮನೆಯಿಂದ ಬರುವ ಹುಡುಗಿಯೊಬ್ಬಳು ಎದ್ದಳು. "ಮೇಡಂ, ಘಟ್ಟದ ಮೇಲೆ ಹೊಯ್ದರೆ ಕೆಳಗಿನ ಹೊಳೆಯಲ್ಲಿ ಕೆಂಪು ನೀರು ಬರ್ತದೆ. ಇಲ್ಲಿ ನೀರು ಏರಿದ್ದನ್ನ ಬೇರೆ ಯಾರೂ ನೋಡಲಿಲ್ಲ. ಊಟ ಇಲ್ಲದೆ ಕಾಲು ಜೋಮು ಹಿಡಿದದ್ದೇ ಅವನಿಗೆ ಮಳೆ ಅನ್ನಿಸಿರಬೇಕು." ಇಷ್ಟು ವರ್ಷ ಪಾಠ ಮಾಡಿದ ನನಗೆ ಇದು ಹೊಳೆದಿರಲಿಲ್ಲ.

ಸಿನಿಮಾ ಬಿಟ್ಟಿಲ್ಲ. ಓದಿದ ಮೇಲೆ ಕೊನೆಯ ದೃಶ್ಯವನ್ನಷ್ಟೇ ಹಾಕಿ, ಡೈರೆಕ್ಟರ್‌ಗೆ ಮಳೆ ಯಾಕೆ ಬೇಕಾಯಿತು ಅಂತ ಕೇಳ್ತೇನೆ. "ಟಿಕೆಟ್ ತೆಗೆದವರು ಸುಮ್ಮನೆ ಬಿಡ್ತಾರಾ ಮೇಡಂ?" ಅಂದ ಒಬ್ಬ. ಕಾದಂಬರಿಯ ಕಾಲ್ಪನಿಕ ಊರು ಮಾಲ್ಗುಡಿಯನ್ನು ಸಿನಿಮಾದವರು ರಾಜಸ್ಥಾನಕ್ಕೆ ಒಯ್ದದ್ದಕ್ಕೆ ನಾರಾಯಣ್ ಬೇಸರಪಟ್ಟು ಬರೆದದ್ದನ್ನೂ ಹೇಳ್ತೇನೆ. (ನಮ್ಮ ಜಿಲ್ಲೆಯವರೇ ಆದ ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿಗಾಗಿ ಮಾಲ್ಗುಡಿಯನ್ನು ಆಗುಂಬೆಗೆ ತಂದರು. ಅದಕ್ಕೆ ಮಾತ್ರ ನನ್ನ ತಕರಾರಿಲ್ಲ, ಪಕ್ಷಪಾತ ಅನ್ನಿ.)

ಆ ವರ್ಷದ ಟೆಸ್ಟಿನಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಒಬ್ಬ ರಾಜು ಬದುಕಿದ ಅಂತ ವಾದಿಸಿ ಎರಡು ಪುಟ ಗೀಚಿದ್ದ, ಸ್ಪೆಲ್ಲಿಂಗ್ ತಪ್ಪು ಬೇಕಾದಷ್ಟು. ಪೇಪರ್ ನೋಡಿ ಮುಗಿಸಲು ಎರಡು ಸಂಜೆ ಹೆಚ್ಚೇ ಹಿಡಿಯಿತು.