ಓಡದವನನ್ನು ಯಾಕಷ್ಟು ಹೊಗಳ್ತೀಯ?

ಫುಟ್‌ಬಾಲ್ ಮಾತಿನ ನಡುವೆ ನಾನು ಇಟಲಿಯ ಮಿಡ್‌ಫೀಲ್ಡರ್ ಆಂಡ್ರಿಯಾ ಪಿರ್ಲೋ ಹೆಸರೆತ್ತಿದರೆ ಸಾಕು, ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಜೋರಾಗಿ ಓಡಲ್ಲ, ಗೋಲು ಜಾಸ್ತಿ ಹೊಡೆದಿಲ್ಲ, ಎದುರಾಳಿ ಕಾಲಿಂದ ಚೆಂಡು ಕಿತ್ಕೊಳ್ಳೋದೂ ಅಷ್ಟಕ್ಕಷ್ಟೇ. ಅವನಲ್ಲಿ ಏನಿದೆ ಅಂತ?"

ಲೆಕ್ಕ ನೋಡಿದರೆ ಅವರು ಹೇಳುವುದೂ ಸುಳ್ಳಲ್ಲ. ಇಟಲಿ ಪರ 116 ಪಂದ್ಯ, 13 ಗೋಲು. ಆದರೆ ನನಗೆ ಪಿರ್ಲೋ ಅಂದರೆ ಮೊದಲು ನೆನಪಾಗುವುದು ಅವನು ನಿಲ್ಲುತ್ತಿದ್ದ ಜಾಗ. ಆ ಜಾಗಕ್ಕೆ ಅವನು ಬಂದದ್ದೇ ಒಂದು ಕಥೆ.

ಹುಟ್ಟಿದ್ದು 1979ರಲ್ಲಿ, ಬ್ರೆಶಾ ಪಕ್ಕದ ಫ್ಲೆರೋದಲ್ಲಿ. 16ಕ್ಕೇ ಬ್ರೆಶಾ ತಂಡದ ಪರ ಕಣಕ್ಕಿಳಿದ. ಆಗ ಅವನದು 10ನೇ ನಂಬರಿನವರ ಆಟ, ಫಾರ್ವರ್ಡ್‌ಗಳ ಬೆನ್ನಿಗೇ ನಿಂತು ಆಡುವುದು. 1998ರಲ್ಲಿ ಇಂಟರ್ ಮಿಲಾನ್ ಕರೆದುಕೊಂಡಿತು, ಆದರೆ ಅಲ್ಲಿ ನೆಲೆ ಸಿಗಲಿಲ್ಲ. 2001ರಲ್ಲಿ ಲೋನ್ ಮೇಲೆ, ಅಂದರೆ ಎರವಲು ಆಟಗಾರನಾಗಿ, ಮತ್ತೆ ಬ್ರೆಶಾಗೆ ಬಂದು ನೋಡಿದರೆ, ಅವನ ಜಾಗದಲ್ಲಿ ಇಟಲಿಯ ದೊಡ್ಡ ತಾರೆ ರಾಬರ್ಟೋ ಬ್ಯಾಜಿಯೋ! ಬ್ಯಾಜಿಯೋನನ್ನು ಎಬ್ಬಿಸುವವರು ಯಾರು? ಕೋಚ್ ಕಾರ್ಲೋ ಮಾಟ್ಸೋನೆ ಹುಡುಗನನ್ನು ಹಿಂದಕ್ಕೆ ಕಳಿಸಿದರು, ಡಿಫೆಂಡರ್‌ಗಳ ಮುಂದಕ್ಕೆ.

ಮುಂದೆ ನಿಂತಾಗ ಚೆಂಡು ಸಿಕ್ಕ ಕೂಡಲೇ ಮೈಮೇಲೆ ಬೀಳುವವರು ಇಬ್ಬರಿರುತ್ತಾರೆ. ಹಿಂದೆ ನಿಂತರೆ ಇಡೀ ಮೈದಾನ ಕಣ್ಣ ಮುಂದೆ. ಕಾಲಲ್ಲಿ ಓಟ ಇಲ್ಲದವನಿಗೆ ಬೇಕಾಗಿದ್ದದ್ದು ಇದೇ, ಒಂದೆರಡು ಕ್ಷಣ ಬಿಡುವು. ಆ ಏಪ್ರಿಲ್‌ನಲ್ಲಿ ಟುರಿನ್‌ನಲ್ಲಿ ಯುವೆಂಟಸ್ ಮೇಲೆ ಪಂದ್ಯ. ಬ್ರೆಶಾ ಒಂದು ಗೋಲು ಹಿಂದೆ, ಆಟ ಮುಗಿಯುತ್ತ ಬಂದಿತ್ತು. ಪಿರ್ಲೋ ದೂರದಿಂದ ಎತ್ತಿ ಹಾಕಿದ ಚೆಂಡನ್ನು ಬ್ಯಾಜಿಯೋ ಒಂದೇ ಸ್ಪರ್ಶದಲ್ಲಿ ಪಳಗಿಸಿ, ಗೋಲ್‌ಕೀಪರನ್ನು ದಾಟಿ ಒಳಗೆ ಹಾಕಿದ. ಜಾಗ ಬಿಟ್ಟುಕೊಟ್ಟವನೇ ಜಾಗ ಹಿಡಿದವನಿಗೆ ಕೊಟ್ಟ ಪಾಸ್ ಅದು.

ಅದೇ ವರ್ಷ ಎಸಿ ಮಿಲಾನ್ ಸೇರಿದ. ಅಲ್ಲಿ ಕಾರ್ಲೋ ಆಂಚೆಲೋಟಿ ಅವನನ್ನು ಅದೇ ಜಾಗದಲ್ಲಿ ಬೇರು ಬಿಡಿಸಿದರು. ಪಕ್ಕದಲ್ಲಿ ಗಟೂಸೋ. ಓಡುವ, ಗುದ್ದಾಡುವ ಕೆಲಸವೆಲ್ಲ ಅವನ ಪಾಲು. ಈ ಜಾಗದವನಿಗೆ ಇಟಲಿಯಲ್ಲಿ ರೆಜಿಸ್ತಾ ಅನ್ನುತ್ತಾರೆ. ಸಿನಿಮಾ ನಿರ್ದೇಶಕನಿಗೂ ಅಲ್ಲಿ ಅದೇ ಪದ.

ಮಿಲಾನ್ ಜೊತೆ ಯೂರೋಪಿನ ಕ್ಲಬ್‌ಗಳ ದೊಡ್ಡ ಕಪ್ಪಾದ ಚಾಂಪಿಯನ್ಸ್ ಲೀಗ್ ಗೆದ್ದದ್ದು ಎರಡು ಸಲ, 2003 ಮತ್ತು 2007. 2011ರಲ್ಲಿ ಮಿಲಾನ್ ಬಿಟ್ಟು ಒಂದು ರೂಪಾಯಿ ಖರ್ಚಿಲ್ಲದೆ ಯುವೆಂಟಸ್‌ಗೆ ಸಿಕ್ಕ. ಹಿಂದಿನ ಸಲ ಏಳನೇ ಸ್ಥಾನದಲ್ಲಿದ್ದ ತಂಡ ಆ ವರ್ಷ 38 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಇಟಲಿಯ ಲೀಗ್ ಗೆದ್ದಿತು. ಆಮೇಲಿನ ಮೂರು ವರ್ಷವೂ ಲೀಗ್ ಅವರದೇ. ಆಮೇಲೆ ನ್ಯೂಯಾರ್ಕ್‌ನಲ್ಲಿ ಆಡಿದ್ದು, ಕೋಚ್ ಕೆಲಸ, ಅದೆಲ್ಲ ನನಗೆ ಅಷ್ಟು ಮುಖ್ಯ ಅನ್ನಿಸಿಲ್ಲ.

ನನ್ನ ಉತ್ತರವನ್ನು ಒಂದೇ ಪಾಸ್‌ನಲ್ಲಿ ತೋರಿಸಬೇಕೆಂದರೆ 2006ರ ವಿಶ್ವಕಪ್ ಸೆಮಿಫೈನಲ್. ಡಾರ್ಟ್‌ಮಂಡ್, ಎದುರಿಗೆ ಜರ್ಮನಿ, 119ನೇ ನಿಮಿಷ. ನಮಗಿಲ್ಲಿ ಬೆಳಗಿನ ಜಾವ ಮೂರು ಗಂಟೆ ಹತ್ತಿರ. ಅಪ್ಪ ಏಳಬಾರದು ಅಂತ ಟಿವಿ ಸೌಂಡ್ ಪೂರ್ತಿ ತೆಗೆದಿದ್ದೆ. ಕಾರ್ನರ್‌ನಿಂದ ಆಚೆ ಬಂದ ಚೆಂಡು ಪಿರ್ಲೋ ಕಾಲಿಗೆ ಬಂತು. ಬೇರೆ ಯಾರೇ ಆಗಿದ್ದರೂ ಅಲ್ಲಿಂದಲೇ ಗೋಲಿಗೆ ಬೀಸಿ ಹೊಡೆಯುತ್ತಿದ್ದರು. ಇವನು ಚೆಂಡನ್ನು ಬಲಕ್ಕೆ ಸುಮ್ನೆ ತಳ್ಳಿಕೊಂಡು ಹೋದ. ಜರ್ಮನಿಯವರು ಒಬ್ಬೊಬ್ಬರಾಗಿ ಅವನ ಹಿಂದೆಯೇ ಬಂದರು. ಅಷ್ಟು ಹೊತ್ತು ಕಾದು, ಅತ್ತ ನೋಡದೆಯೇ ಜೊತೆಗಾರ ಗ್ರೋಸೋಗೆ ಜಾರಿಸಿದ. ಎಡಗಾಲಿನ ಹೊಡೆತ, ಗೋಲು. ಸದ್ದಿಲ್ಲದ ಟಿವಿ ಮುಂದೆ ಬಾಯಿ ಮುಚ್ಚಿಕೊಂಡು ಕುಣಿದಿದ್ದೇನೆ.

ತಪ್ಪೇ ಮಾಡದವನಲ್ಲ ಬಿಡಿ. 2005ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ, ಇಸ್ತಾಂಬುಲ್‌ನಲ್ಲಿ, ಲಿವರ್‌ಪೂಲ್ ಮೇಲೆ 3-0 ಮುಂದಿದ್ದ ಮಿಲಾನ್ ಸೋತದ್ದು ಪೆನಾಲ್ಟಿಯಲ್ಲಿ. ಗೋಲ್ ಗೆರೆ ಮೇಲೆ ಕುಣಿಯುತ್ತಿದ್ದ ಲಿವರ್‌ಪೂಲ್ ಗೋಲ್‌ಕೀಪರ್ ಡುಡೆಕ್ ಪಿರ್ಲೋನ ಪೆನಾಲ್ಟಿ ತಡೆದ. ಆಟವನ್ನೇ ಬಿಟ್ಟುಬಿಡೋಣ ಅನ್ನಿಸಿತ್ತು ಅಂತ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

ಏಳು ವರ್ಷದ ಮೇಲೆ, 2012ರ ಯೂರೋ, ಕೀವ್. ಇಂಗ್ಲೆಂಡ್ ಮೇಲೆ ಪೆನಾಲ್ಟಿ ಶೂಟೌಟ್, ಇಟಲಿ ಆಗಲೇ ಒಂದು ಪೆನಾಲ್ಟಿ ಕಳೆದುಕೊಂಡಿತ್ತು. ಗೆರೆ ಮೇಲೆ ಮತ್ತೊಬ್ಬ ಕುಣಿಯುವವನು, ಜೋ ಹಾರ್ಟ್. ನಾಲಿಗೆ ಬೇರೆ ಚಾಚುತ್ತಿದ್ದ. ಪಿರ್ಲೋ ಓಡಿ ಬಂದು ಜೋರಾಗಿ ಹೊಡೆಯುವವನಂತೆ ಕಾಲೆತ್ತಿದ, ಹಾರ್ಟ್ ಒಂದು ಕಡೆ ಬಿದ್ದ, ಚೆಂಡು ಮೆಲ್ಲಗೆ ಮೇಲೆದ್ದು ನಡುಮಧ್ಯೆ ಒಳಗೆ ಇಳಿಯಿತು. ಪಿರ್ಲೋ ಮುಖದಲ್ಲಿ ನಗುವೂ ಇಲ್ಲ. ಮುಂದೆ ಬಂದ ಇಂಗ್ಲೆಂಡಿನ ಯಂಗ್ ಹೊಡೆದದ್ದು ಬಾರ್‌ಗೆ ಬಡಿಯಿತು.