ದೂರು ಕೊಟ್ಟಿದ್ದೇ ತಪ್ಪಾಯ್ತು

ಚಿಕ್ಕದೊಂದು ಮೇಲ್ ಸರ್ವರ್ ನಾನೇ ನೋಡಿಕೊಳ್ಳುತ್ತೇನೆ. ಇಪ್ಪತ್ತು ಜನರ ಇನ್‌ಬಾಕ್ಸ್, ಅಷ್ಟೇ. ಈಚೆಗೆ ಒಂದೇ ಜಾತಿಯ ಸ್ಪ್ಯಾಮ್ ಸುರಿಯತೊಡಗಿತು. ತೂಕ ಇಳಿಸೋ ಮಾತ್ರೆ, ನಕಲಿ ವಾಚು, ಮತ್ತೆ ಮಾತ್ರೆ.

ಮೇಲ್ ಯಾವ ದಾರಿಯಲ್ಲಿ ಬಂತು ಅಂತ ಬರೆದಿರೋ ಹೆಡರ್ ತೆರೆದು ನೋಡಿದೆ. 'ರಿಸೀವ್ಡ್' ಅನ್ನೋ ಸಾಲುಗಳು ಐದಿದ್ದವು, ದಾರಿಯ ಒಂದೊಂದು ಸರ್ವರೂ ಒಂದೊಂದು ಸೇರಿಸುತ್ತೆ. ನಂಬಬೇಕಾದ್ದು ನಮ್ಮ ಸರ್ವರೇ ಬರೆದ ಮೇಲಿನ ಸಾಲನ್ನು ಮಾತ್ರ. ಅದರ ಕೆಳಗಿನದ್ದನ್ನೆಲ್ಲ ಕಳಿಸಿದವನೇ ಕಟ್ಟಿರಬಹುದು, ದೊಡ್ಡ ಬ್ಯಾಂಕಿನ ಹೆಸರನ್ನೂ ಹಾಕಿರಬಹುದು. ಮೇಲಿನ ಸಾಲಿನ ಐಪಿ (ಕಳಿಸಿದ ಯಂತ್ರದ ಇಂಟರ್ನೆಟ್ ವಿಳಾಸ) ಹಿಡಿದು, ಅದು ಯಾರದ್ದು ಅಂತ ಹೇಳೋ ಹೂಈಸ್‌ನಲ್ಲಿ ಹುಡುಕಿದರೆ ಯಾವುದೋ ದೂರದ ದೇಶದ ಹೋಸ್ಟಿಂಗ್ ಕಂಪನಿ, ಅಂದರೆ ಸರ್ವರ್ ಬಾಡಿಗೆಗೆ ಕೊಡೋರು. ದೂರಿಗೆಂದು ಅಬ್ಯೂಸ್ ವಿಳಾಸವೂ ಇತ್ತು. ಹೆಡರ್ ಪೂರ್ತಿ ಅಂಟಿಸಿ, ಮರ್ಯಾದೆಯಾಗಿ ಬರೆದೆ.

ಒಂದು ವಾರ ಉತ್ತರವಿಲ್ಲ. ಆಮೇಲೆ ಮಾತ್ರೆಯ ಜಾಹೀರಾತು ಬಂತು, ದೂರು ಕೊಡೋಕೆಂದೇ ಇಟ್ಟುಕೊಂಡಿದ್ದ ವಿಳಾಸಕ್ಕೇ! ಅದನ್ನು ಬೇರೆ ಯಾರಿಗೂ ಕೊಟ್ಟಿರಲಿಲ್ಲ. ನನ್ನ ದೂರನ್ನು ಹಾಗೇ ಸ್ಪ್ಯಾಮರ್ ಕೈಗೆ ದಾಟಿಸಿದ್ದಾರೆ ಅಂತ ಕಾಣುತ್ತೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು.

ಇಂಥ ಹೋಸ್ಟಿಂಗ್‌ಗೆ 'ಬುಲೆಟ್‌ಪ್ರೂಫ್' ಅಂತಲೇ ಹೆಸರು. ಯಾರು ಎಷ್ಟೇ ದೂರು ಕೊಡಲಿ, ಗಿರಾಕಿಯ ಸರ್ವರ್ ನಿಲ್ಲಿಸಲ್ಲ, ಅವರು ಮಾರುವುದೇ ಆ ಭರವಸೆಯನ್ನು. ಕಾನೂನು ಸಡಿಲವಿರುವ ದೇಶ ಆರಿಸಿಕೊಂಡರೆ ಕೆಲಸ ಇನ್ನೂ ಸುಲಭ. ಅಲ್ಲಿನ ಪೊಲೀಸರಿಗೆ ಪರದೇಶದವನ ಇನ್‌ಬಾಕ್ಸ್ ಕಟ್ಟಿಕೊಂಡು ಏನಾಗಬೇಕು, ಅಲ್ವಾ?

ಆದರೆ ಎಲ್ಲವೂ ದೂರದ ದೇಶದ್ದೇ ತಪ್ಪು ಅನ್ನೋಕೂ ಬರಲ್ಲ. 2008ರ ನವೆಂಬರ್‌ನಲ್ಲಿ ಮೆಕೊಲೊ ಅನ್ನೋ ಹೋಸ್ಟಿಂಗ್ ಕಂಪನಿಯ ಇಂಟರ್ನೆಟ್ ಸಂಪರ್ಕ ಕಡಿದಾಗ ಜಗತ್ತಿನ ಸ್ಪ್ಯಾಮ್ ಒಮ್ಮೆಲೇ ಅರ್ಧಕ್ಕಿಂತ ಕೆಳಗಿಳಿಯಿತು. ಅದು ಇದ್ದದ್ದು ಅಮೆರಿಕದಲ್ಲೇ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ! ಪತ್ರಕರ್ತರೊಬ್ಬರು ಪುರಾವೆ ಮುಂದಿಟ್ಟ ಮೇಲೆ, ಅದಕ್ಕೆ ಸಂಪರ್ಕ ಕೊಡುತ್ತಿದ್ದ ಕಂಪನಿಗಳೇ ಕೈಬಿಟ್ಟವು. ಕೆಲವೇ ತಿಂಗಳಲ್ಲಿ ಸ್ಪ್ಯಾಮ್ ಹಳೇ ಮಟ್ಟಕ್ಕೆ ಬಂತು, ಅದು ಬೇರೆ ಮಾತು.

ನನಗೆ ಇನ್ನೂ ಇಷ್ಟವಾದದ್ದು 2011ರ ಒಂದು ಸಂಶೋಧನೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಸ್ಪ್ಯಾಮ್‌ನಲ್ಲಿ ಮಾರುವ ಮಾಲನ್ನು ತಾವೇ ಕೊಂಡು, ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಹಿಂಬಾಲಿಸಿದರು. ಡೊಮೇನ್‌ಗಳು (ವೆಬ್‌ಸೈಟ್ ಹೆಸರುಗಳು) ಲೆಕ್ಕವಿಲ್ಲದಷ್ಟು, ಆದರೆ ಮಾತ್ರೆ, ನಕಲಿ ಮಾಲು, ಸಾಫ್ಟ್‌ವೇರ್ ಜಾಹೀರಾತಿನಲ್ಲಿ 95% ಭಾಗದ ಹಣ ಬೆರಳೆಣಿಕೆಯ ಬ್ಯಾಂಕುಗಳ ಮೂಲಕ ಹೋಗುತ್ತಿತ್ತು. ಸರ್ವರ್ ಬದಲಿಸೋದು ಸುಲಭ, ಕಾರ್ಡ್ ದುಡ್ಡು ತಗೊಳ್ಳೋ ಬ್ಯಾಂಕ್ ಹುಡುಕೋದು ಕಷ್ಟ.

ಹಾಗಾಗಿ ಆ ಹೋಸ್ಟಿಂಗ್ ಕಂಪನಿಗೆ ಬರೆಯೋದು ಬಿಟ್ಟೆ. ಈಗ ಲಿಂಕ್‌ನಲ್ಲಿರುವ ಡೊಮೇನ್ ಯಾವ ರಿಜಿಸ್ಟ್ರಾರ್‌ದು (ಆ ಹೆಸರು ನೋಂದಾಯಿಸಿಕೊಟ್ಟ ಕಂಪನಿ) ಅಂತ ನೋಡಿ ಅಲ್ಲಿಗೆ ದೂರು ಕೊಡುತ್ತೇನೆ, ಒಮ್ಮೊಮ್ಮೆ ಕೆಲಸ ಆಗುತ್ತೆ. ಇನ್ನು ಆ ಕಂಪನಿಯ ಇಡೀ ಐಪಿ ರೇಂಜ್ ನಮ್ಮ ಬಾಗಿಲಲ್ಲೇ ಬಂದ್. ಮೇಲ್ ಒಳಗೆ ತಗೊಂಡು ಸುಮ್ನೆ ಅಳಿಸಲ್ಲ, 550, ಅಂದರೆ 'ತಗೊಳ್ಳಲ್ಲ' ಅನ್ನೋ ಕೋಡ್ ಹೇಳಿ, ಕಾರಣ ಸಮೇತ ವಾಪಸ್ ಕಳಿಸುತ್ತೇನೆ.

ಆ 550 ನಾಲ್ಕನೇ ದಿನವೇ ಉಪಯೋಗಕ್ಕೆ ಬಂತು. ಅದೇ ರೇಂಜ್‌ನಲ್ಲಿ ಬಾಡಿಗೆಗಿದ್ದ ಪಾಪದ ಅನುವಾದಕರೊಬ್ಬರ ಬಿಲ್ ವಾಪಸ್ ಹೋಗಿತ್ತು. ಕಾರಣ ಕಂಡು ಅವರೇ ಫೋನ್ ಮಾಡಿ ಚೆನ್ನಾಗಿ ಬೈದರು. ಅವರೊಬ್ಬರ ಐಪಿಗೆ ಬಾಗಿಲು ತೆಗೆದಿದ್ದೇನೆ.